ದಿಲ್ಲಿಗೆ ನಾವು ಕೊಡದ ತೆರಿಗೆ

ಹೊಂಗೇಪಾಳ್ಯ,
ಕೆ.ಆರ್. ಪುರ ಹೋಬಳಿ, ಬೆಂಗಳೂರು
೧೬ ನವೆಂಬರ್ ೨೦೦೩, ಭಾನುವಾರ

ಪ್ರೀತಿಯ ಜಯಮಾಲಾ,

ವಯಸ್ಸಿನಲ್ಲಿ ದೊಡ್ಡವಳು ನಾನು, ಆಶೀರ್ವಾದ ಅಂತ ಬರೆದು ಶುರು ಮಾಡಬೇಕಿತ್ತು. ಪೆನ್ನು ಆ ಕಡೆ ಹೋಗಲಿಲ್ಲ. ನಮಸ್ಕಾರ ಅಂತಲೇ ಓದಿಕೋ. ನೀನು, ಭಗವಂತರಾಯರು, ಮಗಳು ನಾಗರತ್ನಾ ಮೂವರೂ ಚೆನ್ನಾಗಿದ್ದೀರಿ ಅಂದುಕೊಂಡಿದ್ದೇನೆ. ಹಾಗೆ ಅಂದುಕೊಳ್ಳದಿದ್ದರೆ ಬರೆಯುವ ಧೈರ್ಯವೇ ಬರುತ್ತಿರಲಿಲ್ಲ.

ನಿಮ್ಮೂರಿನ ವಿಳಾಸ ಕೊಟ್ಟವಳು ಪೀರಮ್ಮ. ನಿನ್ನ ಗೋಡೆಗೆ ಗೋಡೆ ಹಚ್ಚಿಕೊಂಡು ಇದ್ದವಳು, ಈಗಲೂ ಅದೇ ರೂಮಿನಲ್ಲಿದ್ದಾಳೆ, ಈಗಲೂ ನಲ್ಲಿ ಹತ್ತಿರ ಅವಳದೇ ದೊಡ್ಡ ಬಾಯಿ. ವಿಳಾಸ ಬೇಕು ಅಂದಾಗ ಯಾಕ್ರೀ ಅಕ್ಕಾರ, ಅವರದೇನರ ಬಾಡಗಿ ಉಳದದ ಏನ್ರಿ ಅಂತ ಕೇಳಿದಳು. ನಾಲ್ಕು ಜನ ಹೆಂಗಸರು ಕೊಡ ಹಿಡಿದುಕೊಂಡು ನಿಂತಿದ್ದರು. ಭೂಮಿ ಬಾಯಿ ಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು. ಇಲ್ಲ ಕಣೆ, ಸುಮ್ಮನೆ ಕ್ಷೇಮ ವಿಚಾರಿಸೋಕೆ ಅಂದೆ. ಯಾರೂ ನಂಬಲಿಲ್ಲ.

ಅತ್ತೆಗೆ ಹುಷಾರಿಲ್ಲ. ದಸರಾ ಆದಾಗಿನಿಂದ ಮಲಗಿದ ಕಡೆಯೇ ಇದ್ದಾರೆ. ಕಾಲು ಎರಡೂ ಊದಿಕೊಂಡಿವೆ, ನಾಲ್ಕು ಮಾತಾಡಿದರೆ ಉಸಿರು ಸಿಕ್ಕಿಕೊಳ್ಳುತ್ತದೆ. ಇಂದಿರಾನಗರದ ಡಾಕ್ಟರು ಹೃದಯ ದಣಿದಿದೆ, ಮನೆಗೆ ಕರ್ಕೊಂಡು ಹೋಗಿ ಚೆನ್ನಾಗಿ ನೋಡ್ಕೊಳ್ಳಿ ಅಂದರು. ಡಾಕ್ಟರು ಮನೆಗೆ ಕರ್ಕೊಂಡು ಹೋಗಿ ಅಂದರೆ ಏನರ್ಥ ಅಂತ ಎಲ್ಲರಿಗೂ ಗೊತ್ತು, ಅತ್ತೆಗೂ ಗೊತ್ತು. ಅವರ ಆಸೆ ನಿನಗೆ ಗೊತ್ತಿರುವುದೇ. ಮಾವನ ಪಕ್ಕದಲ್ಲಿ ಮಣ್ಣು ಮಾಡಬೇಕು, ಅಷ್ಟೇ. ಔಷಧಿ ಕುಡಿಯುವಾಗಲೂ ಅದೇ ಮಾತು, ಗಂಜಿ ಕುಡಿಯುವಾಗಲೂ ಅದೇ ಮಾತು.

ನೀವು ನಮ್ಮ ರೂಮಿಗೆ ಬಾಡಿಗೆಗೆ ಬರುವ ಹೊತ್ತಿಗಾಗಲೇ ಊರಂಚಿನ ಆ ದೊಡ್ಡ ಗೋಡೆ ಎದ್ದಿತ್ತು, ಹಾಗಾಗಿ ಹಿಂದಿನ ಕಥೆ ನಿನಗೆ ಪೂರ್ತಿ ಗೊತ್ತಿರಲಾರದು. ಗೋಡೆಯ ಆ ಕಡೆ ಇರುವುದೆಲ್ಲ ಒಂದು ಕಾಲಕ್ಕೆ ನಮ್ಮೂರಿನ ರಾಗಿ ಹೊಲ. ಮಾವ ಬೈಲಪ್ಪನವರ ಕಾಲದಲ್ಲಿ ಕೇಂದ್ರ ಸರ್ಕಾರದವರು ತಗೊಂಡರು. ಹೊಲದ ಮೂಲೆಯಲ್ಲಿ ನಮ್ಮವರ ಸಮಾಧಿಗಳಿದ್ದವು. ಅವು ನಿಮ್ಮವೇ, ಬಂದು ಹೋಗಿ ಅಂತ ಆಗಿನ ಆಫೀಸರು ಬಾಯಿಮಾತಲ್ಲಿ ಹೇಳಿದರಂತೆ. ಬರೀ ತಂತಿ ಬೇಲಿ ಇದ್ದಾಗ ಅದನ್ನು ಎತ್ತಿ ಹಿಡಿದು ಹೆಣ ದಾಟಿಸುತ್ತಿದ್ದರು. ಮಾವನನ್ನೂ ಹಾಗೇ ದಾಟಿಸಿದ್ದು. ಆಮೇಲೆ ಗೋಡೆ ಬಂತು, ಗೇಟು ಬಂತು, ಬಂದೂಕು ಹಿಡಿದ ಕಾವಲು ಬಂತು. ಒಳಗೆ ಹೋಗಬೇಕಾದರೆ ದಿಲ್ಲಿಯಿಂದ ಅನುಮತಿ ತನ್ನಿ ಅಂದರು.

ಗೋಡೆ ಆದಮೇಲೆ ಮೊದಲು ತೀರಿಕೊಂಡವರು ಎದುರು ಮನೆಯ ಮುನಿಆಂಜನಪ್ಪ ಮಾವನ ಹೆಂಡತಿ. ಅವರನ್ನು ವ್ಯಾನಿನಲ್ಲಿ ಹಾಕಿಕೊಂಡು ಹೋಗಿ ಕರೆಂಟಿನಲ್ಲಿ ಸುಟ್ಟು, ಒಂದು ಕುಡಿಕೆ ಬೂದಿ ತಂದರು. ನಮ್ಮ ಪೈಕಿಯಲ್ಲಿ ಸುಡುವ ಪದ್ಧತಿಯೇ ಇಲ್ಲ. ಅವತ್ತಿನಿಂದ ಅತ್ತೆಗೆ ನಿದ್ದೆಯಲ್ಲೂ ಅದೇ ಹೆದರಿಕೆ. ನನ್ನ ಕರೆಂಟಿಗೆ ಹಾಕ್ಬೇಡ್ರೋ ಅಂತ ಕೂಗಿಕೊಂಡು ಎದ್ದು ಕೂರುತ್ತಾರೆ. ಅಷ್ಟು ದೊಡ್ಡ ಹೆಂಗಸು ಮಗುವಿನ ಹಾಗೆ ನಡುಗುವುದನ್ನು ನೋಡಲಾಗುವುದಿಲ್ಲ.

ನೀವೆಲ್ಲ ಮುನಿರಾಜಣ್ಣ ಅಂತ ಕರೆಯುತ್ತಿದ್ದ ನಮ್ಮ ಮನೆಯವರು ಸುಮ್ಮನೆ ಕೂತವರಲ್ಲ, ಅದನ್ನು ಒಪ್ಪಬೇಕು. ತಹಸೀಲ್ದಾರರ ಹತ್ತಿರ ಹೋದರು, ಮಂತ್ರಿಗಳ ಮನೆ ಬಾಗಿಲಲ್ಲಿ ನಿಂತರು. ಎಲ್ಲರದೂ ಒಂದೇ ಉತ್ತರ. ಅದು ಕೇಂದ್ರದ್ದಪ್ಪ, ರಾಜ್ಯದ ಕೈಲಿ ಏನೂ ಇಲ್ಲ. ಹೋದ ಯುಗಾದಿಗೆ ಮೊದಲು ಒಂದು ದಿನ ಪೇಪರು ಮಡಚಿ ಕಂಕುಳಲ್ಲಿ ಇಟ್ಟುಕೊಂಡು ಬಂದರು, ಮುಖ ಹೊಳೆಯುತ್ತಿತ್ತು. ನಮ್ಮ ನೆಲದ ಮೇಲೆ ಕೂತು ಅವರು ನಮ್ಮ ನಗರಸಭೆಗೆ ಕಂದಾಯ ಕಟ್ಟಲ್ಲ, ನಾವ್ಯಾಕೆ ಅವರಿಗೆ ಇನ್‌ಕಮ್ ಟ್ಯಾಕ್ಸ್ ಕಟ್ಟಬೇಕು ಅಂದರು. ಬೆಂಗಳೂರು ಪೂರ್ವದ ಹಳೇ ಊರುಗಳೆಲ್ಲ ಸೇರಿ ದಿಲ್ಲಿಗೆ ಹೋಗುವ ತೆರಿಗೆ ನಿಲ್ಲಿಸಿಬಿಡೋಣ. ಎಷ್ಟು ನಿಲ್ಲಿಸಿದ್ದೇವೆ ಅಂತ ಲೆಕ್ಕ ಮಾಡಿ ರಾಜ್ಯ ಸರ್ಕಾರದ ಕೈಗೆ ಕೊಡೋಣ. ಆಗ ದಿಲ್ಲಿಗೆ ಹೋದಾಗ ರಾಜ್ಯದವರ ಮಾತಿಗೂ ಬೆಲೆ ಬರುತ್ತೆ, ಗೇಟು ತೆಗೀರಿ ಆಮೇಲೆ ತೆರಿಗೆ ತಗೊಳ್ಳಿ ಅನ್ನಬಹುದು.

ಶಾಸಕರು ಕುಣಿದಾಡಿದರು. ರಾಜ್ಯದವರು ದಿಲ್ಲಿಗೆ ಯಾವಾಗಲೂ ಬರಿಗೈಲಿ ಹೋಗ್ತೀವಿ ಮುನಿರಾಜು, ನೀನು ಕೈಗೊಂದು ದೊಣ್ಣೆ ಕೊಟ್ಟೆ ಅಂತ ಹಾರ ಹಾಕಿದರು. ಆ ಹಾರ ಬಾಡಿದ ಮೇಲೂ ನಾನು ಅದನ್ನು ದೇವರ ಫೋಟೋದ ಮೊಳೆಗೇ ಸಿಕ್ಕಿಸಿಟ್ಟಿದ್ದೆ ಅಂದರೆ ನನ್ನ ತಲೆ ಎಲ್ಲಿತ್ತು ನೋಡು.

ಆಣೆ ಇಟ್ಟ ದಿನ ನೀನೂ ಮಾರಮ್ಮನ ಗುಡಿ ಮುಂದೆ ಹೆಂಗಸರ ಗುಂಪಿನಲ್ಲಿದ್ದೆ. ಒಂದೊಂದು ಮನೆಯ ಯಜಮಾನನೂ ಬಂದು, ಗೇಟು ತೆಗೆಯುವ ತನಕ ದಿಲ್ಲಿಗೆ ತೆರಿಗೆ ಕೊಡಲ್ಲ ಅಂತ ಹೇಳಿ, ಉರಿಯುವ ಕರ್ಪೂರವನ್ನು ಅಂಗೈಯಿಂದ ಆರಿಸಿದ. ಊರಿನವರದು ಮುಗಿದ ಮೇಲೆ ನಮ್ಮ ಮನೆಯವರು ಬಾಡಿಗೆಯವರೂ ಬನ್ನಿ, ಈ ಊರ ನೀರು ಕುಡಿದಿದ್ದೀರಿ ಅಂದರು. ಯಾರೂ ಮುಂದೆ ಬರಲಿಲ್ಲ. ನಿಮ್ಮ ಮನೆಯವರೊಬ್ಬರೇ ಬಂದರು. ಧಣಿ, ನಾ ಆಳು ಹಿಡದು ಕೆಲಸ ಮಾಡಸೋ ಮೇಸ್ತ್ರಿ, ನಂದೂ ಲೆಕ್ಕಕ್ಕ ಬರ್ತದೇನ್ರಿ ಅಂತ ಕೇಳಿದರು. ಎಲ್ಲಾರ್ದೂ ಬರುತ್ತೆ ಅಂದರು ಇವರು. ನಮ್ಮ ಗಂಡಸರಿಗೆ ಚಿಕ್ಕಂದಿನಿಂದ ರೂಢಿ, ತಟ್ ಅಂತ ತಟ್ಟಿ ಕೈ ತೆಗೆದುಬಿಡುತ್ತಾರೆ, ಬಿಸಿಯೂ ತಾಗುವುದಿಲ್ಲ. ಭಗವಂತರಾಯರಿಗೆ ಆ ಚಾಲಾಕಿ ಯಾರೂ ಹೇಳಿಕೊಟ್ಟಿರಲಿಲ್ಲ. ಕರ್ಪೂರ ಪೂರ್ತಿ ಆರುವವರೆಗೂ ಅಂಗೈ ಒತ್ತಿ ಹಿಡಿದರು. ಬೊಬ್ಬೆ ಎದ್ದಾಗ ನೀನು ಬೆಣ್ಣೆ ಕೇಳಲು ಬಂದೆ, ನಾನು ನಗಾಡಿಕೊಂಡು ಕೊಟ್ಟೆ.

ಆಮೇಲೆ ನಿಮಗೆ ಏನಾಯಿತು ಅಂತ ನಿನಗೆ ನಾನು ಹೇಳಬೇಕಾಗಿಲ್ಲ. ಆದರೂ ಬರೆಯುತ್ತೇನೆ, ನನಗೆ ಗೊತ್ತಿದೆ ಅಂತ ನಿನಗೆ ಗೊತ್ತಾಗಲಿ. ಗೋಡೆ ಒಳಗೆ ಕ್ವಾರ್ಟರ್ಸ್ ಕಟ್ಟುವ ಕಂಟ್ರಾಕ್ಟರ ಕೈಕೆಳಗೆ ನಿಮ್ಮ ಮನೆಯವರು ಗಾರೆ ಕೆಲಸ ಹಿಡಿದಿದ್ದರು. ಪ್ರತಿ ಬಿಲ್ಲಿನಲ್ಲೂ ಅವನು ಟ್ಯಾಕ್ಸ್ ಅಂತ ಸ್ವಲ್ಪ ಮುರಿದುಕೊಂಡು ಕೊಡುತ್ತಿದ್ದ. ಆಣೆ ಆದಮೇಲೆ ಭಗವಂತರಾಯರು, ಮುರಿದರೆ ಬಿಲ್ಲಿಗೆ ಸೈನ್ ಹಾಕಲ್ಲ, ಊರ ದೇವರ ಮುಂದ ಮಾತು ಕೊಟ್ಟೀನಿ ಅಂತ ಕೂತರು. ಕಾನೂನು ಪ್ರಕಾರ ಮುರಿಯಲೇಬೇಕು ಅಂತ ಅವನು ಒಂದು ಸಲ ಹೇಳಿದ, ಎರಡು ಸಲ ಹೇಳಿದ, ಆಮೇಲೆ ಬೇರೆ ಮೇಸ್ತ್ರಿಯನ್ನು ಕರೆತಂದ. ಗೇಟಿನೊಳಗೆ ಬಿಡುವ ಪಾಸು ಕಿತ್ತುಕೊಂಡ.

ಅದಕ್ಕೆ ಮೊದಲು ನೀನು ನನ್ನ ಹತ್ತಿರ ಬಂದಿದ್ದೆ. ನಾನು ಜಗಲಿಯಲ್ಲಿ ರಾಗಿ ಕೇರುತ್ತಿದ್ದೆ. ನೀನು ನಿಂತೇ ಇದ್ದೆ, ಕೂತುಕೋ ಅಂದರೂ ಕೂರಲಿಲ್ಲ. ಅಕ್ಕಾರ, ಅಣ್ಣಾರಿಗೆ ಹೇಳಿ ಇವರ ಆಣಿ ಬಿಡಸ್ರಿ, ಇಲ್ಲಂದ್ರ ಕೆಲಸ ಹೋಗ್ತದ್ರಿ, ನಾ ಹೇಳಿದ್ರ ಇವರು ಕೇಳಂಗಿಲ್ಲ ಅಂದೆ. ನಾನು ಮೊರದಿಂದ ತಲೆ ಎತ್ತದೆ, ದೇವರ ಮುಂದೆ ಆರಿಸಿದ್ದು ಕಣಮ್ಮ, ಆಣೆ ಅಂದ್ರೆ ಆಣೆ ಅಂದೆ. ನೀನು ಹೌದ್ರಿ ಅಂದು ಹೊರಟುಹೋದೆ.

ಜಯಮಾಲಾ, ಈಗ ಬರೆಯುವುದನ್ನು ಓದಿ ನೀನು ಪತ್ರ ಹರಿದು ಹಾಕಿದರೂ ನನಗೆ ಬೇಸರವಿಲ್ಲ. ಅವತ್ತು ನಿನಗೆ ಹಾಗೆ ಹೇಳುವಾಗ, ನಮ್ಮ ಮನೆಯವರು ಒಂದು ವರ್ಷವೂ ದಿಲ್ಲಿಗೆ ಒಂದು ಕಾಸಿನ ತೆರಿಗೆ ಕಟ್ಟಿದವರಲ್ಲ ಅನ್ನುವುದು ನನಗೆ ಗೊತ್ತಿತ್ತು. ಬಾಡಿಗೆ ವಸೂಲಿ ಮಾಡುವವಳು ನಾನು. ರಸೀದಿ ಕೇಳಿದರೆ ಕೊಡಬೇಡ, ಬರೆದಿಟ್ಟರೆ ಇನ್‌ಕಮ್ ಟ್ಯಾಕ್ಸಿನವರು ಬಂದು ಕೂರ್ತಾರೆ ಅಂತ ಮದುವೆಯಾದ ಹೊಸದರಲ್ಲೇ ಹೇಳಿಕೊಟ್ಟಿದ್ದರು. ನಗರಸಭೆ ಕಂದಾಯ ಮಾತ್ರ ತಪ್ಪದೆ ಕಟ್ಟುತ್ತೇವೆ, ಅದು ಕಟ್ಟದಿದ್ದರೆ ಜಾಗ ನಮ್ಮದು ಅನ್ನುವುದಕ್ಕೆ ಪುರಾವೆ ಇರುವುದಿಲ್ಲವಲ್ಲ. ಇಲ್ಲದ ತೆರಿಗೆಯನ್ನು ನಿಲ್ಲಿಸುತ್ತೇನೆ ಅಂತ ನನ್ನ ಗಂಡ ಮಾರಮ್ಮನ ಮುಂದೆ ಆಣೆ ಇಟ್ಟರು. ನಾನು ಪಕ್ಕದಲ್ಲಿ ಆರತಿ ತಟ್ಟೆ ಹಿಡಿದು ನಿಂತಿದ್ದೆ.

ಯಾಕೆ ಸುಮ್ಮನಿದ್ದೆ ಅಂತ ಕೇಳಿದರೆ ಅತ್ತೆಗೋಸ್ಕರ ಅನ್ನಬಹುದು. ಅದೂ ಸುಳ್ಳಲ್ಲ. ಆದರೆ ಪೂರ್ತಿ ನಿಜವೂ ಅಲ್ಲ. ಟ್ಯಾಂಕರ್ ಬಂದಾಗ ಹೆಂಗಸರು ನನ್ನ ಕೊಡ ಮುಂದೆ ಬಿಡುತ್ತಿದ್ದರು. ಸಭೆಯಲ್ಲಿ ನನಗೆ ಮುಂದಿನ ಕುರ್ಚಿ. ಕೆ.ಆರ್. ಪುರದ ಸಂತೆಯಲ್ಲಿ ಸೊಪ್ಪಿನವಳು ಕೂಡ ತೆರಿಗೆ ನಿಲ್ಲಿಸಿದವರ ಮನೆಯವರಾ ನೀವು ಅಂತ ಒಂದು ಕಟ್ಟು ಜಾಸ್ತಿ ಹಾಕಿದಳು. ಇದು ನನಗೆ ಇಷ್ಟವಾಗಿತ್ತು ಕಣೆ. ನಿನ್ನ ಗಂಡನ ಆಣೆ ಬಿಡಿಸಿದರೆ ಯಾಕೆ ಬಿಡಿಸಿದಿರಿ ಅಂತ ಯಾರಾದರೂ ಕೇಳುತ್ತಾರೆ, ಕೇಳಿದರೆ ಒಂದಕ್ಕೊಂದು ಹೊರಗೆ ಬರುತ್ತದೆ ಅಂತ ಹೆದರಿದೆ. ಒಂದು ಕಟ್ಟು ಸೊಪ್ಪಿನ ಮರ್ಯಾದೆಗೆ ನಿಮ್ಮ ಅನ್ನ ಕಿತ್ತೆ.

ಆಮೇಲೆ ಮಾಡಿದ್ದು ಇನ್ನೂ ಹೊಲಸು. ಕೆಲಸ ಹೋಗಿ ಬಾಡಿಗೆ ನಿಂತಿತು. ಆಷಾಢದಲ್ಲಿ ಯಾರೂ ಮನೆ ಬದಲಾಯಿಸುವುದಿಲ್ಲ, ಬಾಡಿಗೆಯವರನ್ನು ಎಬ್ಬಿಸುವುದೂ ಇಲ್ಲ, ಎಂಥ ಮಾರ್ವಾಡಿ ಮನಸ್ಸಿನವರೂ ಶ್ರಾವಣದ ತನಕ ಕಾಯುತ್ತಾರೆ. ನಾನು ಆಷಾಢದಲ್ಲೇ ನಿಮ್ಮ ಬಾಗಿಲಿಗೆ ಬಂದೆ. ರೂಮಿಗೆ ಸುಣ್ಣ ಹೊಡೆಸಬೇಕು, ಖಾಲಿ ಮಾಡಿ ಅಂದೆ. ಸೆಕ್ಯುರಿಟಿ ಕೆಲಸದ ಐದು ಜನ ಹುಡುಗರು ಹೆಚ್ಚು ಬಾಡಿಗೆಗೆ ಬರಲು ಒಪ್ಪಿದ್ದರು, ಅದು ನಿಜವಾದ ಕಾರಣ. ಸುಣ್ಣ ಇವತ್ತಿಗೂ ಹೊಡೆಸಿಲ್ಲ. ನಾಗರತ್ನಾ ಬಾಗಿಲ ಪಕ್ಕ ಇದ್ದಿಲಿನಲ್ಲಿ ಬರೆದ ಬಸವಣ್ಣ ಹಾಗೇ ಇದ್ದಾನೆ. ಬಾಡಿಗೆ ಕೇಳಲು ಹೋದಾಗಲೆಲ್ಲ ನಾನು ಆ ಕಡೆ ನೋಡುವುದಿಲ್ಲ.

ನೀವು ಹೋದಿರಿ ಅಂತ ಅತ್ತೆಗೆ ಹೇಳಲಿಲ್ಲ. ಎಲ್ಲಿ ಆ ಹುಡುಗಿ, ನಂಗೆ ಪೇಪರ್ ಓದಿ ಹೇಳೋಕೆ ಬರ್ಲಿಲ್ವಲ್ಲ ಅಂತ ದಿನಾ ಕೇಳುತ್ತಿದ್ದರು. ತವರಿಗೆ ಹೋಗಿದ್ದಾಳೆ ಅಂದೆ. ಒಂದು ತಿಂಗಳು ಅಂದೆ, ಎರಡು ತಿಂಗಳು ಅಂದೆ. ಅದೇನು ಗಂಡನ್ನೂ ಕಟ್ಕೊಂಡು ತವರಿಗೆ ಹೋಗ್ತಾಳಾ ಅಂತ ಒಂದು ದಿನ ಕೇಳಿದರು. ನಾನು ಒಲೆ ಮೇಲೆ ಹಾಲಿದೆ ಅಂತ ಎದ್ದು ಬಂದೆ.

ಮಹಾಲಯ ಅಮಾವಾಸ್ಯೆ ಬಂದಾಗ ಅತ್ತೆಗೆ ಸುಳ್ಳು ಹೇಳುವುದು ಕಷ್ಟವಾಯಿತು. ಹೋದ ವರ್ಷ ಅವರು ಮಾವನಿಗೆ ಎಡೆ ಮಾಡಿ, ನಿಮ್ಮ ಮನೆಯವರ ಕ್ಯಾರಿಯರಿನಲ್ಲಿ ತುಂಬಿ ಕಳಿಸಿದ್ದು ನೆನಪಿರಬೇಕು. ಪಾಸು ಇದ್ದದ್ದು ಅವರೊಬ್ಬರಿಗೇ ಅಲ್ಲವಾ. ಮಧ್ಯಾಹ್ನ ಊಟದ ಬಿಡುವಿನಲ್ಲಿ ಹೋಗಿ, ಸಮಾಧಿ ಮೇಲಿನ ಕಸ ಕಿತ್ತು, ನೀರು ಚಿಮುಕಿಸಿ, ಎಡೆ ಇಟ್ಟು ಬಂದಿದ್ದರು. ಕಾಗಿ ಬಂತ್ರಿ ಅಮ್ಮಾರ, ವಡಿ ಎತಗೊಂಡು ಹೋತು ಅಂತ ಅವರು ಹೇಳಿದಾಗ ಅತ್ತೆ ಸೆರಗಿನಲ್ಲಿ ಕಣ್ಣು ಒರೆಸಿಕೊಂಡರು. ಊರಿಗೆ ಊರೇ ಗೋಡೆ ಹೊರಗೆ ನಿಂತಿದ್ದಾಗ ನಮ್ಮ ಮಾವನ ತನಕ ಹೋಗಿಬರುತ್ತಿದ್ದವರು ಅವರೊಬ್ಬರು. ಅವರ ಪಾಸನ್ನೂ ನಮ್ಮ ಆಣೆಯೇ ಕಿತ್ತುಕೊಂಡಿತು. ಈ ಸಲ ಎಡೆಯನ್ನು ಗೋಡೆ ಬುಡದಲ್ಲಿ ಇಟ್ಟೆವು, ಬೀದಿನಾಯಿ ತಿಂದಿತು. ಅತ್ತೆಗೆ ಮೇಸ್ತ್ರಿ ಅದಕ್ಕೋಸ್ಕರವೇ ಊರಿಂದ ಬಂದು ತಗೊಂಡು ಹೋದರು ಅಂತ ಹೇಳಿದೆವು.

ದೀಪಾವಳಿ ಆದಮೇಲೆ ಶಾಸಕರಿಂದ ಕರೆ ಬಂತು. ಡಿಸೆಂಬರಿನಲ್ಲಿ ದಿಲ್ಲಿಗೆ ನಿಯೋಗ ಹೋಗುತ್ತದೆ, ಎಷ್ಟು ತೆರಿಗೆ ನಿಲ್ಲಿಸಿದ್ದೀರಿ ಅಂತ ಲೆಕ್ಕ ಬೇಕು, ಹೋದ ವರ್ಷ ಕಟ್ಟಿದ್ದಕ್ಕೆ ಕಾಗದ ಬೇಕು, ಅದಿಲ್ಲದೆ ನಿಲ್ಲಿಸಿದ್ದೀವಿ ಅಂದರೆ ಯಾರು ನಂಬುತ್ತಾರೆ ಅಂದರು. ಊರಿನ ಗಂಡಸರೆಲ್ಲ ಒಂದು ಟೆಂಪೋ ಮಾಡಿಕೊಂಡು ಶಿವಾಜಿನಗರಕ್ಕೆ ಹೋದರು. ಅಲ್ಲಿ ಅಹ್ಮದ್ ಪಾಷಾ ಅಂತ, ಅಂಗಡಿಯವರಿಗೆಲ್ಲ ಟ್ಯಾಕ್ಸ್ ಬರೆದುಕೊಡುವವರು. ಅವರ ಮಹಡಿ ಆಫೀಸಿನಲ್ಲಿ ಆದದ್ದನ್ನು ನನಗೆ ಹೇಳಿದವರು ಮುನಿಆಂಜನಪ್ಪ ಮಾವ. ನಮ್ಮ ಮನೆಯವರು ಬಂದವರೇ ಮುಸುಕು ಹಾಕಿಕೊಂಡು ಮಲಗಿಬಿಟ್ಟಿದ್ದರು.

ಪಾಷಾ ಅವರು ಕನ್ನಡಕ ಹಾಕಿಕೊಂಡು, ಬನ್ನಿ ಸ್ವಾಮಿ, ಹೋದ ವರ್ಷದ್ದು ಕೊಡಿ ಅಂದರಂತೆ. ಇವನು ಅವನ ಮುಖ ನೋಡಿದ, ಅವನು ಇವನ ಮುಖ ನೋಡಿದ. ನೀನು ಮೊದಲು ಕೊಡಪ್ಪ, ನಿಮ್ಮದು ದೊಡ್ಡ ಬಿಲ್ಡಿಂಗು ಅಂತ ಒಬ್ಬ. ಇಲ್ಲ ನೀವು ಹಿರಿಯರು ನೀವು ಕೊಡಿ ಅಂತ ಇನ್ನೊಬ್ಬ. ಕೊನೆಗೆ ಗೊತ್ತಾಯಿತು ನೋಡು, ಯಾರ ಹತ್ತಿರವೂ ಇಲ್ಲ. ಯಾರೂ ಯಾವತ್ತೂ ಕಟ್ಟಿಲ್ಲ. ಪ್ರತಿಯೊಬ್ಬನಿಗೂ ತಾನು ಕಟ್ಟುವುದಿಲ್ಲ ಅಂತ ಗೊತ್ತಿತ್ತು, ಪಕ್ಕದ ಮನೆಯವನು ಕಟ್ಟುತ್ತಾನೆ ಅಂದುಕೊಂಡಿದ್ದ. ನಾನೊಬ್ಬ ಸೇರಿಕೊಂಡರೆ ಏನಾಯಿತು, ನಿಲ್ಲಿಸುವವರು ನಿಲ್ಲಿಸುತ್ತಾರೆ ಅಂತ ಎಲ್ಲರೂ ಧೈರ್ಯವಾಗಿ ಕರ್ಪೂರ ಆರಿಸಿದ್ದರು. ಕಟ್ಟೋದೇ ಇಲ್ಲ ಅಂದ್ಮೇಲೆ ನಿಲ್ಸೋದು ಏನ್ ಸ್ವಾಮಿ ಅಂತ ಪಾಷಾ ನಕ್ಕು, ಎಲ್ಲರಿಗೂ ಟೀ ತರಿಸಿದರಂತೆ. ಈ ಹೆಸರುಗಳನ್ನ ದಿಲ್ಲಿಗೆ ಮಾತ್ರ ಕಳಿಸಬೇಡಿ, ಯಾಕೆ ನಿಲ್ಸಿದ್ರಿ ಅಂತ ಕೇಳಲ್ಲ, ಯಾಕೆ ಶುರುನೇ ಮಾಡ್ಲಿಲ್ಲ ಅಂತ ಕೇಳ್ತಾರೆ ಅಂತಲೂ ಅಂದರಂತೆ.

ಮುನಿಆಂಜನಪ್ಪ ಮಾವ ಇದನ್ನು ಹೇಳುತ್ತಾ ಮೊದಲು ನಕ್ಕರು. ಆಮೇಲೆ ನಮ್ಮ ಜಗಲಿಯಲ್ಲೇ ಅತ್ತುಬಿಟ್ಟರು. ಅವಳನ್ನ ಸುಟ್ಟಿದ್ದಕ್ಕೆ ನ್ಯಾಯ ಕೇಳ್ತೀನಿ ಅಂತ ಹೋದೆ ಹಂಸಾ, ಕೇಳೋಕೆ ನನ್ನ ಹತ್ರ ಏನಿತ್ತು ಅಂದರು. ನೀರು ತಂದುಕೊಟ್ಟೆ.

ಅವರು ಮೆಟ್ಟಿಲು ಇಳಿಯುವಾಗ ಪಾಷಾ ಹಿಂದಿನಿಂದ ಕರೆದು ಇನ್ನೊಂದು ಮಾತು ಹೇಳಿದರಂತೆ. ನಿಜವಾಗಿ ತೆರಿಗೆ ಕೊಡ್ತಿದ್ದು, ನಿಜವಾಗಿ ನಿಲ್ಲಿಸಿದವನು ಒಬ್ಬನಾದರೂ ಇದ್ದರೆ ಹೇಳಿ, ಒಬ್ಬನದಾದರೂ ಅದಕ್ಕೆ ತೂಕ ಇದೆ. ಆಗ ಮುನಿಆಂಜನಪ್ಪ ಮಾವನ ಬಾಯಲ್ಲಿ ಆ ಗುಲ್ಬರ್ಗದ ಮೇಸ್ತ್ರಿ ಅಂತ ಬಂದಿದೆ.

ಈಗ ನಿನಗೆ ಅರ್ಥವಾಗಿರಬೇಕು. ಮಾರನೆಯ ದಿನ ನಮ್ಮ ಮನೆಯವರು ಅಡುಗೆಮನೆ ಹೊಸ್ತಿಲಲ್ಲಿ ಬಂದು ನಿಂತರು. ಹೆಂಗಸರು ಹೆಂಗಸರು ಚೆನ್ನಾಗಿದ್ರಿ, ನೀನೇ ಆ ಹುಡುಗಿಗೆ ಒಂದು ಕಾಗದ ಬರಿ ಅಂದರು. ಕಂಟ್ರಾಕ್ಟರು ವರ್ಷವರ್ಷ ಕೊಡುತ್ತಿದ್ದ ಟ್ಯಾಕ್ಸ್ ಮುರಿದ ಚೀಟಿಗಳನ್ನು ಮೇಸ್ತ್ರಿ ರೇಷನ್ ಕಾರ್ಡಿನ ಜೊತೆ ಪ್ಲಾಸ್ಟಿಕ್ ಕವರಿನಲ್ಲಿ ಇಡುತ್ತಿದ್ದದ್ದು ಇವರಿಗೆ ನೆನಪಿದೆ. ಅವನ್ನು ಕಳಿಸಲಿ, ಜೊತೆಗೆ ಆಣೆಗೋಸ್ಕರ ಕೆಲಸ ಬಿಟ್ಟೆ ಅಂತ ಒಂದು ಹಾಳೆಯಲ್ಲಿ ಬರೆದು ಹೆಬ್ಬೆಟ್ಟೋ ಸೈನೋ ಹಾಕಲಿ. ಬೇಕಾದರೆ ವಾಪಸ್ ಬರಲಿ, ಬಾಡಿಗೆ ಬೇಡ ಅಂತ ಬರಿ ಅಂದರು. ನಾನು ತಿರುಗಿ ನೋಡಿದೆ. ಅವರ ಮುಖ ನೆಲಕ್ಕಿತ್ತು. ಅವರು ಕೆಟ್ಟವರಲ್ಲ ಜಯಮಾಲಾ. ತಾಯಿ ಮಾತು ನಡೆಸಬೇಕು ಅನ್ನುವ ಮಗ. ಆ ಆಸೆಗೆ ಬೇರೆಯವರ ಅಂಗೈ ಸುಟ್ಟಿತು ಅನ್ನುವುದು ಅವರಿಗೂ ಈಗ ಗೊತ್ತಾಗಿದೆ, ಬಾಯಿ ಬಿಟ್ಟು ಹೇಳಲಾರರು.

ಅತ್ತೆಗೆ ನಿನ್ನೆ ನಾನೇ ಎಲ್ಲ ಹೇಳಿದೆ. ನೀವು ತವರಿಗೆ ಹೋದದ್ದಲ್ಲ, ನಾನು ಎಬ್ಬಿಸಿದ್ದು ಅನ್ನುವುದನ್ನೂ ಹೇಳಿದೆ. ಪೂರ್ತಿ ಕೇಳಿಸಿಕೊಂಡರು. ಆಮೇಲೆ, ಆ ಹುಡುಗನ ಕೈ ವಾಸಿ ಆಗಿತ್ತಾ ಹೋಗುವಾಗ ಅಂತ ಕೇಳಿದರು. ನಾನು ನೋಡಿರಲಿಲ್ಲ. ನನಗೆ ಗೊತ್ತಿಲ್ಲ ಅಂದೆ. ಮನೆಯಲ್ಲಿ ಇದ್ದವನ ಕೈ ನೋಡ್ಲಿಲ್ವಾ ನೀನು ಅಂದರು, ಬೈಯಲಿಲ್ಲ, ಅಷ್ಟೇ ಅಂದರು. ಸಂಜೆ ಮತ್ತೆ ನನ್ನನ್ನು ಕರೆದು, ಅವರ ಹತ್ರ ಏನೂ ಕೇಳ್ಬೇಡ, ಕೇಳಿದ್ರೆ ನನ್ನ ಮೇಲಾಣೆ, ನನ್ನ ಎಲ್ಲಿಗಾದ್ರೂ ಹಾಕಿ ಅಂದರು.

ಹಾಗಾಗಿ ನಾನು ಏನೂ ಕೇಳುವುದಿಲ್ಲ. ಇವರಿಗೂ ಹೇಳಿಬಿಟ್ಟಿದ್ದೇನೆ, ಕಾಗದ ಬರೆಯುತ್ತೇನೆ, ಆದರೆ ಚೀಟಿ ಕೇಳಲು ಅಲ್ಲ ಅಂತ. ಊರಿಗೆ ಊರೇ ಆಣೆ ಇಟ್ಟು, ನಿಜವಾಗಿ ನಡೆಸಿದವರು ಎಲ್ಲಿಂದಲೋ ಬಂದ ನೀವು. ನಡೆಸಿದ್ದಕ್ಕೆ ನಿಮ್ಮನ್ನು ಹೊರಗೆ ಹಾಕಿದವಳು ನಾನು. ಅಂಥವಳು ಈಗ ಅದೇ ಆಣೆಯ ಫಲ ನಮಗೆ ಕೊಡಿ ಅಂತ ಕೈ ಚಾಚಿದರೆ ನನಗಿಂತ ಕಡೆಯಾದವರು ಯಾರಿದ್ದಾರೆ? ತಪ್ಪಾಯಿತು ಅಂತ ಹೇಳಲಷ್ಟೇ ಈ ಪತ್ರ. ತಪ್ಪಾಯಿತು ಜಯಮಾಲಾ. ಭಗವಂತರಾಯರಿಗೂ ಓದಿ ಹೇಳು. ನಿನಗೆ ಇಷ್ಟವಿಲ್ಲದಿದ್ದರೆ ಹೇಳಬೇಡ.

ಉತ್ತರ ಬರೆಯಬೇಕು ಅಂತಲೂ ಇಲ್ಲ. ಏನನ್ನೂ ಕಳಿಸಬೇಡ. ನಾಗರತ್ನಾಳನ್ನು ಶಾಲೆ ಬಿಡಿಸಬೇಡ, ಅವಳು ಚುರುಕು. ಅಲ್ಲಿ ಈಗ ತೊಗರಿ ಹೂ ಬಿಟ್ಟಿರಬೇಕು ಅಂತ ಪೀರಮ್ಮ ಹೇಳುತ್ತಿದ್ದಳು. ಕೂಲಿಯಾದರೂ ಸರಿಯಾಗಿ ಸಿಗುತ್ತಿದೆಯೋ ಇಲ್ಲವೋ ಅಂತ ಯೋಚನೆಯಾಗುತ್ತದೆ.

ನಿನ್ನ ಕಣ್ಣೆದುರು ನಿಲ್ಲಲು ನಾಚುವ,
ಹಂಸ

ಮರೆತದ್ದು: ಇವತ್ತು ಸೋಮವಾರ ಬೆಳಿಗ್ಗೆ, ಪತ್ರ ಅಂಟಿಸಿಲ್ಲ. ಬೆಳಗಿನ ಜಾವ ಅತ್ತೆಗೆ ಉಸಿರು ಕಟ್ಟಿತು. ನಾನು ಎತ್ತಿ ಕೂರಿಸಿ ಬೆನ್ನು ನೀವುತ್ತಿದ್ದೆ. ನಾನು ಈ ಮನೆಗೆ ಬಂದಾಗಿನಿಂದ ಅತ್ತೆ ಒಂದು ದಿನವೂ ಬಾಯಲ್ಲಿ ಹೇಳದ ಮಾವನ ಹೆಸರು ಹಿಡಿದು ಕೂಗಿದರು. ಬೈಲಪ್ಪಾ, ಗೇಟು ತೆಗಿಯೋ, ನಾನು ಬಂದಿದ್ದೀನಿ ಅಂತ. ಈಗ ಸ್ವಲ್ಪ ಸಮಾಧಾನವಾಗಿದೆ, ಎಷ್ಟು ದಿನವೋ ಗೊತ್ತಿಲ್ಲ. ಶಾಸಕರು ಡಿಸೆಂಬರ್ ಮೊದಲ ವಾರ ಹೊರಡುತ್ತಾರೆ. ಮೇಲೆ ಬರೆದದ್ದನ್ನೆಲ್ಲ ಓದಿದ ಮೇಲೂ ನಿನಗೆ ಮನಸ್ಸಾದರೆ, ಆ ಚೀಟಿಗಳು ಕೈಗೆ ಸಿಕ್ಕರೆ, ಕಳಿಸಿಕೊಡೇ. ಒಳಗೆ ನಮ್ಮ ವಿಳಾಸ ಬರೆದು ಸ್ಟ್ಯಾಂಪು ಹಚ್ಚಿದ ಕವರು ಇಟ್ಟಿದ್ದೇನೆ. ಅದನ್ನು ನಾನು ಶನಿವಾರವೇ ತಂದಿಟ್ಟಿದ್ದೆ, ಈ ಪತ್ರ ಶುರು ಮಾಡುವ ಮೊದಲೇ.